ಅಳಿಯ ಹಿಂದಿರುಗಿ ನೋಡಬಾರದು

ವೈಸನ್ ಜೆರೆಗೆ ಆನೆ ಕಂಡರೆ ಭಯ ಎಂದು ನಮ್ಮೂರಿನಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಇದು ಅರ್ಧ ಸತ್ಯ. ಅವನಿಗೆ ಆನೆಯ ಲದ್ದಿ ಕಂಡರೂ ಭಯ. ದಾರಿಯಲ್ಲಿ ಲದ್ದಿ ಬಿದ್ದಿದ್ದರೆ ಉದ್ದನೆಯ ಕೋಲಿನಿಂದ ಚುಚ್ಚಿ ನೋಡಿ, ಒಣಗಿದ್ದರೆ ಕೆಲಸಕ್ಕೆ ಹೋಗುತ್ತಾನೆ. ಹಸಿಯಾಗಿದ್ದರೆ ಹೊಟ್ಟೆನೋವೆಂದು ಹೇಳಿಕಳಿಸುತ್ತಾನೆ. ಇಂಥ ಮನುಷ್ಯ ಅತ್ತೆಮನೆಯವರ ಪಾಲಿಗೆ ಕಾಡಿನ ಗೈಡ್ ಆದದ್ದು ಹೇಗೆಂದು ನಾನೇ ಹೇಳಬೇಕು. ಆ ಪಾಪದಲ್ಲಿ ಅರ್ಧ ನನ್ನದು.

ವೈಸನ್ ನಮ್ಮೂರು ಎಂಫುವೆಯ ಹೊಳೆದಂಡೆಯಲ್ಲಿರುವ ಒಂದು ಪ್ರವಾಸಿ ಬಿಡಾರದಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವವನು. ಅವನ ಮದುವೆ ಮಾತುಕತೆಗೆ ನಡುವಿನವನಾಗಿ ಹುಡುಗಿಯ ಊರು ಚಿಪಾಟಕ್ಕೆ ಹೋದವನು ನಾನು, ಕಾಮಂಗಾ ಮೇಷ್ಟ್ರು. ಹುಡುಗನ ಫೋಟೊ ಬೇಕಾಗಿತ್ತು. ಅವನಲ್ಲಿ ಒಳ್ಳೆಯ ಅಂಗಿ ಇರಲಿಲ್ಲ. ಇಸ್ತ್ರಿ ಮಾಡಿಟ್ಟಿದ್ದ ಗೈಡೊಬ್ಬನ ಖಾಕಿ ಅಂಗಿ ತೊಟ್ಟು, ಟೋಪಿ ಇಟ್ಟು, ಬಿಡಾರದ ಮುಂದಿನ ಆನೆಯ ತಲೆಬುರುಡೆಯ ಮೇಲೆ ಕೈಯಿಟ್ಟು ನಿಂತ. ಹುಡುಗಿಯ ತಾಯಿ ನ್ಯಾತೋಲೆ ಫೋಟೊ ನೋಡಿ, "ಹುಡುಗ ಕಾಡಲ್ಲಿ ಕೆಲಸ ಮಾಡ್ತಾನಾ?" ಎಂದರು. ಬಿಡಾರ ಕಾಡಿನ ಅಂಚಿನಲ್ಲಿದೆ, ಆದ್ದರಿಂದ ಹೌದೆಂದೆ. "ಆನೆ ಹತ್ರ ಹೋಗ್ತಾನಾ?" ಎಂದರು. ಆನೆಗಳೇ ಗೋಡೆಯಾಚೆಯಿಂದ ಸೊಂಡಿಲು ಚಾಚಿ ಇವನ ಬಟ್ಟೆ ತೊಟ್ಟಿಯ ನೀರು ಕುಡಿಯಲು ಬರುತ್ತವೆ, ಆದ್ದರಿಂದ "ದಿನಾ ಭೇಟಿ ಇದೆ" ಎಂದೆ. ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗಷ್ಟೇ ಉತ್ತರ ಬರೆಯಬೇಕೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದವನು ನಾನು.

ಮದುವೆಯಾಯಿತು. ಹೆಂಡತಿ ಲಿಸ್ನೆಟ್ ಇಲ್ಲಿಗೆ ಬಂದ ಮೊದಲ ದಿನವೇ ಇಸ್ತ್ರಿ ಪೆಟ್ಟಿಗೆ ನೋಡಿ ನಕ್ಕು, ತವರಿಗೆ ಏನೂ ಹೇಳದೆ ಸಂಸಾರ ಮಾಡಿದಳು. ಜೂನ್‌ನಲ್ಲಿ ಹೆರಿಗೆಗೆ ತಾಯಿಯ ಮನೆಗೆ ಹೋದಳು. ಹೆಣ್ಣು ಮಗುವಾಯಿತು, ತಿಯಾಮಿಕೆ ಎಂದು ಹೆಸರಿಟ್ಟರು. ಹಲ್ಲು ಬರುವ ಮುಂಚೆ ಮಗುವಿನ ಫೋಟೊ ತೆಗೆಯಬಾರದೆಂದು ನ್ಯಾತೋಲೆಯವರ ಅಪ್ಪಣೆಯಾದ್ದರಿಂದ ವೈಸನ್ ಮಗಳ ಮುಖವನ್ನೇ ಕಂಡಿರಲಿಲ್ಲ. ಫೋನಿನಲ್ಲಿ ಅವಳ ಅಳು ಕೇಳಿಸಿಕೊಂಡು, "ಗಂಟಲು ನಮ್ಮಮ್ಮಂದೇ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅಕ್ಟೋಬರ್ ಬಂತು, ನಮ್ಮಲ್ಲಿ ಕಡುಬೇಸಿಗೆ. ಲುವಾಂಗ್ವಾ ಹೊಳೆ ಮರಳಾಗಿ, ನೀರಿದ್ದ ನಾಲ್ಕು ಗುಂಡಿಯಲ್ಲಿ ನೀರಾನೆಗಳು ಒಂದರ ಮೇಲೊಂದು ಬಿದ್ದುಕೊಂಡು ದಿನವಿಡೀ ಜಗಳವಾಡುತ್ತಿದ್ದವು. ಕೋಳಿಗಳು ಕೊಕ್ಕು ತೆರೆದುಕೊಂಡೇ ನಡೆದಾಡುತ್ತಿದ್ದವು. ಅಂಥ ಒಂದು ಮಧ್ಯಾಹ್ನ ವೈಸನ್ ನನ್ನ ಜಗಲಿಗೆ ಓಡಿಬಂದ. ಕೈಯಲ್ಲಿ ಫೋನ್ ಇನ್ನೂ ಹಾಗೇ ಇತ್ತು.

"ಮೇಷ್ಟ್ರೇ, ಅತ್ತೆ ಬರ್ತಿದ್ದಾರೆ! ಶನಿವಾರ! ಲಿಸ್ನೆಟ್ ಹೇಳಿದ್ಲು. ನನ್ ಕೆಲಸ ಕಣ್ಣಾರೆ ನೋಡ್ತಾರಂತೆ. ನೋಡಿ ಆದ್ಮೇಲೇ ಮಗಳನ್ನೂ ಮೊಮ್ಮಗಳನ್ನೂ ಇಲ್ಲಿ ಬಿಡೋದೋ, ವಾಪಸ್ ಕರ್ಕೊಂಡು ಹೋಗೋದೋ ಅಂತ ತೀರ್ಮಾನ ಮಾಡ್ತಾರಂತೆ!"

"ಹಾಗಾದ್ರೆ ಬಟ್ಟೆ ಒಗೆದು ತೋರಿಸು."

"ಗೈಡ್ ಅಂತ ಕೊಟ್ಟ ಹುಡುಗೀನ ಅಗಸನ ಹತ್ರ ಬಿಡ್ತಾರಾ? ಸತ್ಯ ಹೇಳಿಬಿಡ್ಲಾ?"

"ಹೇಳು. ನನ್ನ ಹೆಸರೊಂದು ತೆಗೀಬೇಡ."

ಅವನು ಸತ್ಯ ಹೇಳಲಿಲ್ಲ. ಹಾಗಾಗಿ ಊರೇ ಅವನನ್ನು ಗೈಡ್ ಮಾಡಲು ಟೊಂಕ ಕಟ್ಟಿತು. ಒಬ್ಬರು ಖಾಕಿ ಕೊಟ್ಟರು, ಇನ್ನೊಬ್ಬರು ಒಂದೇ ಕಣ್ಣಿನಲ್ಲಿ ಕಾಣುವ ದುರ್ಬೀನು ಕೊಟ್ಟರು. ಪಕ್ಕದ ಮನೆಯ ಎಸ್ನಾತಿ, ಯಾರು ಏನು ಕೇಳಿದರೂ ವೈಸನ್ನನಂಥ ಗೈಡ್ ಈ ಕಣಿವೆಯಲ್ಲೇ ಇಲ್ಲವೆಂದು ಹೇಳಬೇಕೆಂದು ಮನೆಮನೆಗೆ ಪಾಠ ಹೇಳಿಕೊಟ್ಟು ಬಂದಳು. ಬಿಡಾರದ ಬಟ್ಟೆಗಂಟು ಸಾಗಿಸುವ ಹಳೇ ಜೀಪನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದೆವು. ವೈಸನ್‌ಗೆ ಜೀಪು ಓಡಿಸಲು ಬರುತ್ತಿತ್ತು, ಆದರೆ ಬಿಡಾರದಿಂದ ಬಾವಿಯವರೆಗೆ ಮಾತ್ರ.

ಶನಿವಾರ ನ್ಯಾತೋಲೆ ಬಂದಿಳಿದರು. ಚರ್ಚಿನ ತಾಯಂದಿರ ಸಂಘದ ಬಿಳಿ ರವಿಕೆ, ಕರಿ ಲಂಗ, ಜೊತೆಗೆ ಅದೇ ಉಡುಪಿನ ಇಬ್ಬರು ಹೆಂಗಸರು. ಅವರ ಹಿಂದೆ ಲಿಸ್ನೆಟ್. ಮಗುವನ್ನು ಮಾತ್ರ ಅಜ್ಜಿ ತಮ್ಮ ಎದೆಗೆ, ಹೆಂಗಸರು ಸೊಂಟಕ್ಕೆ ಸುತ್ತುವ ಚಿತೆಂಗೆ ಬಟ್ಟೆಯಲ್ಲಿ ಬಿಗಿದುಕೊಂಡಿದ್ದರು.

ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡುವ ಹಾಗಿಲ್ಲ, ನೇರವಾಗಿ ಮಾತಾಡುವ ಹಾಗೂ ಇಲ್ಲ. ಮುಖ ಕಂಡುಹೋದರೆ ಅದಕ್ಕಿಂತ ದೊಡ್ಡ ಅವಮರ್ಯಾದೆ ಬೇರೆ ಇಲ್ಲ. ವೈಸನ್ ಮಣ್ಣಿನಲ್ಲಿ ಮಂಡಿಯೂರಿ, ತಲೆ ತಗ್ಗಿಸಿ, ಅಂಗೈ ತಟ್ಟಿ ನಮಸ್ಕರಿಸಿದ. ಅತ್ತೆ ಬೇರೆ ಕಡೆ ತಿರುಗಿ ನಮಸ್ಕಾರ ಸ್ವೀಕರಿಸಿದರು. ಅವನು ನೆಲ ನೋಡುತ್ತಲೇ ನನ್ನ ಕಿವಿಯ ಹತ್ತಿರ ಬಂದ.

"ಮೇಷ್ಟ್ರೇ, ಮಗು ಹೇಗಿದೆ?"

"ನೀನೇ ನೋಡು."

"ಹೇಗೆ ನೋಡ್ಲಿ? ಮಗು ಮುಖಕ್ಕೂ ಅತ್ತೆ ಮುಖಕ್ಕೂ ಒಂದು ಗೇಣು ದೂರ! ಕಣ್ಣು ಜಾರಿದ್ರೆ?"

ಕಣ್ಣು ಜಾರದ ಹಾಗೆ ಅವನು ಜೀಪಿನಲ್ಲಿ ಒಳಗಿನ ಕನ್ನಡಿಯನ್ನು ಛಾವಣಿಯ ಕಡೆ ತಿರುಗಿಸಿದ. ಹೊರಗಿನ ಎರಡು ಕನ್ನಡಿಗಳಲ್ಲಿ ಒಂದನ್ನು ಬಬೂನು ಕೋತಿ ಎಂದೋ ಕಿತ್ತುಕೊಂಡು ಹೋಗಿತ್ತು. ಇನ್ನೊಂದರಲ್ಲಿ ಅತ್ತೆಯ ಮೊಣಕೈ ಕಾಣುತ್ತದೆಂದು ಅದನ್ನೂ ಮಡಚಿದ. ಚರ್ಚಿನ ಹೆಂಗಸರು, "ಎಂಥ ಸಂಸ್ಕಾರ ನೋಡ್ರಿ!" ಎಂದು ತಲೆದೂಗಿದರು. ಹಿಂದಿನದು ಯಾವುದೂ ಕಾಣದ ವಾಹನದಲ್ಲಿ ಕೂತಿದ್ದೇವೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ನಾನು ಮುಂದೆ, ಅವನ ಪಕ್ಕ. ಹಿಂದಿನ ಬೆಂಚಿನಲ್ಲಿ ಲಿಸ್ನೆಟ್ ಮತ್ತು ಮಗುವಿನೊಡನೆ ಅತ್ತೆ. ಕಟ್ಟಕಡೆಗೆ ಚರ್ಚಿನವರಿಬ್ಬರು.

ಕಾಡಿನ ಗೇಟಿನಲ್ಲಿ ಚೀಟಿ ಕೊಡುವ ಚಿಲೆಶೆ ಬೆಂಬಾ ಕುಲದ ಹೆಂಗಸು. ಬೆಂಬಾದವರಿಗೂ ನಮ್ಮ ಅಂಗೋನಿಯವರಿಗೂ ತಾತಂದಿರ ಕಾಲದಲ್ಲಿ ಯುದ್ಧವಾಗಿತ್ತು. ಯುದ್ಧ ಮುಗಿದು ಗೇಲಿಯ ನೆಂಟಸ್ತನ ಉಳಿಯಿತು. ಬಾಯಿಗೆ ಬಂದ ಹಾಗೆ ಹಂಗಿಸಬಹುದು, ಸಿಟ್ಟಾದವನೇ ಮರ್ಯಾದೆಗೆಟ್ಟವನು. ಚಿಲೆಶೆ ಕಿಟಕಿಯಿಂದ ತಲೆ ಹೊರಹಾಕಿದಳು. ವೈಸನ್ ಸ್ಟಿಯರಿಂಗ್ ಒಳಗೇ ಇಳಿದುಹೋಗುವವನಂತೆ ಕುಗ್ಗಿದ.

"ಅಯ್ಯಯ್ಯೋ, ಇಲಿ ತಿನ್ನೋ ರಾಜರ ಸವಾರಿ! ಏನೋ ಇದು ಖಾಕಿ? ಯಾವ ಗೈಡ್‌ದು, ಒಣಗಿಸೋ ತಂತಿ ಮೇಲಿಂದ ಎಗರಿಸ್ದೆ?"

"ಚಿಲೆಶೆ, ಚೀಟಿ ಕೊಡಮ್ಮ," ಎಂದೆ ನಾನು.

"ಅಮ್ಮಂದಿರಾ, ಇವನನ್ನ ನಂಬ್ಕೊಂಡು ಕಾಡಿಗೆ ಹೊರಟ್ರಾ? ಇವನು ಗೈಡ್ ಅಲ್ರೀ, ಬಟ್ಟೆ ಒಗೆಯೋನು! ನಮ್ಮ ಮನೆ ಪರದೆ ತಗೊಂಡು ಹೋಗಿ ತಿಂಗಳಾಯ್ತು. ಆನೆ ಕಂಡ್ರೆ ಸೋಪಿನ ಡಬ್ಬಿ ಹಿಂದೆ ಅವಿತ್ಕೋತಾನೆ!"

ಎಲ್ಲವೂ ಬಯಲಾಯಿತು ಎಂದು ನಾನು ಕಣ್ಣು ಮುಚ್ಚಿದೆ. ಹಿಂದಿನಿಂದ ನಗು ಸ್ಫೋಟಿಸಿತು. ನ್ಯಾತೋಲೆ ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

"ಲೇ ಮಂಗ ತಿನ್ನೋಳೇ! ನಿಮ್ಮ ಕುಲದೋರ ಬಾಯಲ್ಲಿ ನಿಜ ಬಂದ್ರೆ ಅವತ್ತು ಮಳೆ ಬರುತ್ತೆ!"

ಆಕಾಶ ನೋಡಿದೆ. ಒಂದು ಮೋಡವೂ ಇರಲಿಲ್ಲ. ಬೆಂಬಾ ಹೆಂಗಸು ಅಂಗೋನಿ ಗಂಡಸಿನ ಬಗ್ಗೆ ಹೇಳಿದ ಮಾತನ್ನು ನಂಬುವಷ್ಟು ದಡ್ಡರು ನಮ್ಮಲ್ಲಿ ಯಾರೂ ಇಲ್ಲ. ಚಿಲೆಶೆ ಆ ದಿನ ಶುದ್ಧ ಸತ್ಯವನ್ನೇ ನುಡಿದು, ನಮ್ಮನ್ನು ಗೌರವದಿಂದ ಒಳಗೆ ಬಿಟ್ಟಳು.

ಒಳಗೆ ಧೂಳು, ಹೊಗೆ, ಎಲೆಯಿಲ್ಲದ ಮೊಪಾನಿ ಮರಗಳು. ನ್ಯಾತೋಲೆಯವರ ಪ್ರಶ್ನೆಗಳು ನನ್ನ ಮೂಲಕ ಮುಂದೆ ಹೋಗುತ್ತಿದ್ದವು, ಉತ್ತರಗಳು ನನ್ನ ಮೂಲಕ ಹಿಂದೆ ಬರುತ್ತಿದ್ದವು.

"ಆ ಕೆಂಪು ಹಕ್ಕಿ ಯಾವುದು ಅಂತ ಅಳಿಯಂದ್ರನ್ನ ಕೇಳಿ, ಮೇಷ್ಟ್ರೇ."

ವೈಸನ್ ಬೆವರಿದ. "ಅದು... ಬಣ್ಣ ಬಿಡೋ ಜಾತಿ ಅಂತ ಹೇಳಿ."

"ಬಣ್ಣ ಬಿಡುತ್ತಂತೆ," ಎಂದೆ. ಚರ್ಚಿನವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಪ್ರಾಣಿಗಳ ಹೆಸರು ಅವನಿಗೆ ಗೊತ್ತಿರಲಿಲ್ಲ, ಆದರೆ ಕಾಡಿನ ಕಲೆಗಳು ಬಾಯಿಪಾಠವಾಗಿದ್ದವು. ಈ ದಾರಿಯ ಕೆಮ್ಮಣ್ಣು ಕಾಲುಚೀಲದಿಂದ ಹೋಗುವುದಿಲ್ಲ, ಆ ಕೆರೆಯ ಕರಿಕೆಸರಿಗೆ ಎರಡು ದಿನ ನೆನೆಹಾಕಬೇಕು, ಅಗೋ ಆ ಉದ್ದ ಕಾಯಿಯ ಮರದ ಹೂವು ಬಿಳಿ ಬಟ್ಟೆಗೆ ಶತ್ರು ಎಂದು ಹೇಳುತ್ತಾ ಹೋದ. ಇಷ್ಟು ಆಳವಾಗಿ ಕಾಡನ್ನು ಬಲ್ಲವನಿಲ್ಲವೆಂದು ಹೆಂಗಸರು ಬೆರಗಾದರು. ಆ ಮರದಡಿ ಹಾದುಹೋಗುವಾಗ ಒಂದು ಕೆಂಗಪ್ಪು ಹೂವು ಕಿಟಕಿಯೊಳಗೆ ಬಿದ್ದು ಅತ್ತೆಯ ತೋಳಿಗೆ ಒರೆಸಿಕೊಂಡಿತು. ಅವರು ಗಮನಿಸಲಿಲ್ಲ.

ಹೊಗಳಿಕೆ ತಲೆಗೇರಿದರೆ ದಾರಿ ತಪ್ಪುತ್ತದೆ. ವೈಸನ್ ಜೀಪನ್ನು ಒಂದು ಒಣಹಳ್ಳಕ್ಕೆ ಇಳಿಸಿ, ಮರಳಿನ ನಡುವೆ ನಿಲ್ಲಿಸಿ, ದುರ್ಬೀನು ಎತ್ತಿಕೊಂಡ. ಅದರ ಅಗತ್ಯ ಬೀಳಲಿಲ್ಲ. ನಾವು ನಿಂತಿದ್ದದ್ದು ಆನೆಗಳು ನೀರಿಗಾಗಿ ತೋಡಿಕೊಂಡ ಒರತೆಗುಂಡಿಯ ಮೇಲೆ. ಗುಂಡಿಯ ಒಡೆಯ ಎದುರು ದಡದಿಂದ ಇಳಿದು ಬರುತ್ತಿದ್ದ.

"ಮೇಷ್ಟ್ರೇ, ಎದುರಿಗೆ ಆನೆ ಇದೆ ಅಂತ ಅಳಿಯಂದ್ರಿಗೆ ಹೇಳಿ."

"ವೈಸನ್, ಆನೆ ಇದೆಯಂತೆ."

"ಕಾಣ್ತಿದೆ ಅಂತ ಅತ್ತೆಯವರಿಗೆ ಹೇಳಿ."

"ಕಾಣ್ತಿದೆಯಂತೆ."

"ಕಿವಿ ಅಗಲ ಮಾಡ್ತಿದೆ. ಇದು ಅವರಿಗೆ ಪರಿಚಯದ ಆನೆಯಾ ಅಂತ ಕೇಳಿ."

"ಪರಿಚಯದ್ದಾ?"

"ಇವತ್ತೇ ಮೊದಲು," ಎಂದ ವೈಸನ್, ಹಲ್ಲು ಕಟಕಟ ಎನ್ನುತ್ತಿತ್ತು.

"ಹಾಗಾದ್ರೆ ಗಾಡಿ ಹಿಂದಕ್ಕೆ ತಗೊಳ್ಳೋಕೆ ಹೇಳಿ!"

ವೈಸನ್ ಹಿಂದಿನ ಗೇರು ಹಾಕಿದ. ಹಾಕಿ ಸುಮ್ಮನೆ ಕುಳಿತ. ಹಿಂದೆ ಹೋಗಬೇಕಾದರೆ ಹಿಂದೆ ನೋಡಬೇಕು. ಹಿಂದೆ ಅತ್ತೆ.

"ನೋಡೋ ತಿರುಗಿ!" ಎಂದೆ.

"ಸಾಯ್ತೀನಿ ಮೇಷ್ಟ್ರೇ, ಅತ್ತೆ ಮುಖ ಮಾತ್ರ ನೋಡಲ್ಲ! ನೀವು ನೋಡಿ ದಾರಿ ಹೇಳಿ!"

ನಾನು ಕುತ್ತಿಗೆ ತಿರುಗಿಸಿ "ಎಡಕ್ಕೆ" ಎಂದೆ. ಹಿಂದೆ ನೋಡುವವನ ಎಡ, ಮುಂದೆ ನೋಡುವವನ ಬಲ. ಇದನ್ನು ನಾನೇ ಏಳನೇ ತರಗತಿಗೆ ಕಲಿಸಿದ್ದೆ. ಜೀಪು ದಡಕ್ಕೆ ಗುದ್ದಿ ನಿಂತಿತು. ಆನೆ ಹತ್ತು ಹೆಜ್ಜೆ ದೂರದಲ್ಲಿತ್ತು. ಚರ್ಚಿನವರು ಕೀರ್ತನೆ ಶುರುಮಾಡಿದರು. ಆಗ ಲಿಸ್ನೆಟ್‌ಗೆ ಬುದ್ಧಿ ಓಡಿತು. ತನ್ನ ಸೊಂಟದ ಚಿತೆಂಗೆ ಬಿಚ್ಚಿ ತಾಯಿಯ ತಲೆಯ ಮೇಲೆ ಮುಸುಕಾಗಿ ಎಳೆದಳು. ತಾಯಿ, ಮಗು, ಎಲ್ಲ ಮುಚ್ಚಿಹೋಯಿತು.

"ಈಗ ನೋಡಿ, ತಿಯಾಮಿಕೆ ಅಪ್ಪಾ! ಅಮ್ಮ ಕಾಣಲ್ಲ!"

ವೈಸನ್ ತಿರುಗಿದ. ಮುಸುಕಿನ ಕೆಳಗಿನಿಂದ ಒಂದು ಪುಟ್ಟ ಪಾದ ಹೊರಗೆ ಇಣುಕಿತ್ತು. ಐದು ಬೆರಳು, ಒಂದೊಂದೂ ಹುರುಳಿಕಾಳಿನಷ್ಟು. ಅವನು ಆ ಪಾದವನ್ನೇ ನೋಡುತ್ತಾ ಉಳಿದುಬಿಟ್ಟ. ಆನೆ, ಅತ್ತೆ, ಗೇರು, ಯಾವುದೂ ಅವನಿಗೆ ನೆನಪಿರಲಿಲ್ಲ.

"ಲೋ, ಆನೆ!" ಎಂದು ಕಿರುಚಿದೆ.

ಅವನು ಮುಂದೆ ತಿರುಗಿದ. ಗಾಜಿನ ತುಂಬ ಸೊಂಡಿಲು. ವೈಸನ್ ಮೂರ್ಛೆ ಹೋದ. ಹೋಗುವಾಗ ಹಣೆ ನೇರವಾಗಿ ಹಾರನ್ನಿನ ಮೇಲೆ ಬಿತ್ತು. ಆ ಜೀಪಿನಲ್ಲಿ ಸರಿಯಿದ್ದದ್ದು ಹಾರನ್ ಒಂದೇ. ಅದು ನಿಲ್ಲದೆ ಅರಚಿತು, ಆನೆ ಬೆಚ್ಚಿ, ಒಂದು ಸುತ್ತು ತಿರುಗಿ, ಧೂಳೆಬ್ಬಿಸಿ ದಡ ಹತ್ತಿತು. ನಾನು ಅವನ ಮುಖಕ್ಕೆ ನೀರು ಚಿಮುಕಿಸುವಾಗ, ಹಿಂದಿನವರ ಕಣ್ಣಿಗೆ ಗೈಡ್ ತಲೆಬಾಗಿ ಪ್ರಾರ್ಥನೆ ಮಾಡುತ್ತಿರುವಂತೆ ಕಂಡಿತು.

ಊರಿಗೆ ಮರಳುವ ಹೊತ್ತಿಗೆ ನಮ್ಮ ಭಯವೆಲ್ಲ ಇಳಿದಿತ್ತು. ವೈಸನ್ನನ ಅಂಗಳದ ಮಾವಿನ ಮರದಡಿ ಜನ ಸೇರಿದರು. ಚರ್ಚಿನವರು ಆನೆಯನ್ನು ಎರಡು ಪಟ್ಟು ದೊಡ್ಡದು ಮಾಡಿ ಕಥೆ ಹೇಳಿದರು. "ಇಂಥ ಗೈಡ್ ಇಡೀ ಕಣಿವೇಲಿ ಇಲ್ಲ!" ಎಂದು ಎಸ್ನಾತಿ ಪಾಠ ಒಪ್ಪಿಸಿದಳು. ಗೆದ್ದೆವೆಂದು ನಾನು ಅವನ ಬೆನ್ನು ತಟ್ಟಿದೆ. ಆಗ ನ್ಯಾತೋಲೆ ಎದ್ದು ನಿಂತು, ಮರದ ಕಾಂಡದ ಕಡೆ ಮುಖ ಮಾಡಿದರು.

"ಮೇಷ್ಟ್ರೇ, ಅಳಿಯಂದ್ರಿಗೆ ಹೇಳಿ. ಅವರಂಥ ಧೈರ್ಯವಂತರನ್ನ ನಾನು ಒಬ್ಬರನ್ನೇ ನೋಡಿದ್ದೆ. ನನ್ನ ಗಂಡ. ತಾಮ್ರದ ಗಣಿಗೆ ಎಲ್ಲರಿಗಿಂತ ಮುಂದೆ ಇಳೀತಿದ್ರು. ಜನ ಹಿಂಗೇ ಮರದಡಿ ಕೂತು ಹೊಗಳೋರು. ಲಿಸ್ನೆಟ್‌ಗೆ ಎರಡು ವರ್ಷ ಆಗಿದ್ದಾಗ, ಹೊಗಳ್ತಿದ್ದ ಜನಾನೇ ಅವರ ಶವದ ಪೆಟ್ಟಿಗೆ ಹೊತ್ಕೊಂಡು ಬಂದ್ರು. ಅಳಿಯಂದ್ರ ಆ ಖಾಕಿ ಫೋಟೊ ನೋಡ್ದಾಗಿಂದ ನಂಗೆ ನಿದ್ದೆ ಇಲ್ಲ. ಇವತ್ತು ಆನೆ ವಾಪಸ್ ಹೋಯ್ತು. ನಾಳೆ? ಮಗಳು, ಮೊಮ್ಮಗಳು ಇಬ್ಬರೂ ನನ್ನ ಜೊತೆ ಬರ್ತಾರೆ. ನಾಳೆ ಬೆಳಿಗ್ಗೆ ಬಸ್ಸಿಗೆ."

ವೈಸನ್ ನನ್ನ ಅಂಗಿ ಹಿಡಿದು ಜಗ್ಗಿದ.

"ಮೇಷ್ಟ್ರೇ, ನಾನು ಗೈಡ್ ಅಲ್ಲ ಅಂತ ಹೇಳಿ! ಬಟ್ಟೆ ಒಗೆಯೋನು ಅಂತ ಹೇಳಿ! ಹಾರನ್ ಒತ್ತಿಲ್ಲ, ಮೂರ್ಛೆ ಬಿದ್ದೆ ಅಂತ ಹೇಳಿ!"

ಹೇಳಿದೆ. ಚರ್ಚಿನವರು ನಕ್ಕರು. "ಪಾಪ, ಆ ಬೆಂಬಾದವಳ ಜೋಕನ್ನೇ ಕದ್ದು ಹೇಳ್ತಿದ್ದಾರೆ!"

"ಎಸ್ನಾತಕ್ಕ, ನೀನಾದ್ರೂ ಹೇಳೇ!" ಎಂದು ವೈಸನ್ ಗೋಗರೆದ.

"ಇಂಥ ಗೈಡ್ ಇಡೀ ಕಣಿವೇಲಿ ಇಲ್ಲ!" ಎಂದಳು ಎಸ್ನಾತಿ. ಕಲಿತ ಪಾಠವನ್ನು ಯಾವಾಗ ನಿಲ್ಲಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಿಕ್ಕವರೂ ಹೌದು ಹೌದೆಂದರು.

"ಅಮ್ಮಾ, ಅವರು ಹೇಳ್ತಿರೋದು ನಿಜ," ಎಂದಳು ಲಿಸ್ನೆಟ್.

"ಗಂಡನ್ನ ಬಿಟ್ಟು ಬರೋಕೆ ಇಷ್ಟ ಇಲ್ದೋಳು ಇನ್ನೇನು ಹೇಳ್ತೀಯ?"

ನಾನು ಗಂಟಲು ಸರಿಮಾಡಿಕೊಂಡೆ. ನ್ಯಾತೋಲೆ ನನ್ನತ್ತ ತಿರುಗಿದರು. "ಆನೆ ಜೊತೆ ದಿನಾ ಭೇಟಿ ಅಂತ ಅಂದಿದ್ದು ನೀವೇ ಅಲ್ವಾ, ಮೇಷ್ಟ್ರೇ?"

ಕೇಳಿದ ಪ್ರಶ್ನೆಗೆ ಉತ್ತರ ಹೌದೆಂದೇ ಇತ್ತು. ನಾನು ತಲೆ ತಗ್ಗಿಸಿದೆ. ಜೀವನದಲ್ಲಿ ನನಗೆ ನಾಚಿಕೆಯಾದ ದಿನಗಳು ಕಡಿಮೆ, ಅದೊಂದು.

ವೈಸನ್ ನೆಲಕ್ಕೆ ಕುಸಿದು ಅಳುತ್ತಿದ್ದ. ಅವನ ಕಣ್ಣು ನೆಲದಿಂದ ಅತ್ತೆಯ ಲಂಗದ ಅಂಚಿಗೆ, ಅಲ್ಲಿಂದ ತೋಳಿನವರೆಗೆ ಬಂತು. ಮೇಲೆ ಹೋಗುವ ಹಾಗಿರಲಿಲ್ಲ. ತೋಳಿನಲ್ಲೇ ನಿಂತಿತು. ಅಳು ಅರ್ಧಕ್ಕೇ ನಿಂತುಹೋಯಿತು.

"ಮೇಷ್ಟ್ರೇ," ಎಂದ, ಬೇರೆಯೇ ದನಿಯಲ್ಲಿ. "ಅತ್ತೆಯವರ ರವಿಕೆಗೆ ಹೂವಿನ ರಸ ತಾಗಿದೆ. ಯಾವಾಗ ತಾಗಿದ್ದು? ಬಿಸಿನೀರು ಹಾಕಿಬಿಟ್ರೆ ಕಚ್ಚಿಕೊಂಡುಬಿಡುತ್ತೆ. ಸೋಪು ಮುಟ್ಟಿಸ್ಲೇಬಾರದು. ಕತ್ತಲಾಗೋದ್ರೊಳಗೆ ಕೊಡಕ್ಕೆ ಹೇಳಿ, ಇಲ್ದಿದ್ರೆ ಆ ರವಿಕೆ ಕಥೆ ಮುಗೀತು."

ನ್ಯಾತೋಲೆ ತೋಳು ನೋಡಿಕೊಂಡರು. ನೇರ ಒಳಗೆ ಹೋದರು. ಲಿಸ್ನೆಟ್ ಮಡಚಿದ ರವಿಕೆಯನ್ನು ತಂದು ನನ್ನ ಕೈಗೆ ಕೊಟ್ಟಳು, ನಾನು ವೈಸನ್‌ಗೆ ಕೊಟ್ಟೆ.

ಅವನು ಖಾಕಿಯ ತೋಳು ಮಡಚಿ ತೊಟ್ಟಿಯ ಮುಂದೆ ಕುಳಿತ. ತಣ್ಣೀರಿನಲ್ಲಿ ಒಳಮೈ ಹೊರಗೆ ಮಾಡಿ ನೆನೆಸಿದ. ನಿಂಬೆಹಣ್ಣು, ಉಪ್ಪು. ಉಜ್ಜಲಿಲ್ಲ, ಎರಡು ಬೆರಳಿನಿಂದ ತಟ್ಟಿದ, ಹಿಂಡದೆ ನೀರು ಇಳಿಸಿದ, ಮತ್ತೆ ತಟ್ಟಿದ. ಬೆಳಗಿನಿಂದ ನಡುಗುತ್ತಿದ್ದ ಆ ಕೈಗಳು ಈಗ ಒಂದಿಷ್ಟೂ ಅಲುಗುತ್ತಿರಲಿಲ್ಲ. ಎಸ್ನಾತಿ ಕೂಡ ಪಾಠ ಮರೆತು ತೊಟ್ಟಿಯ ಹತ್ತಿರ ಬಗ್ಗಿ ನೋಡಿದಳು. ಅಕ್ಟೋಬರಿನ ಗಾಳಿಗೆ ನೆರಳಿನಲ್ಲೂ ಬಟ್ಟೆ ಕ್ಷಣದಲ್ಲಿ ಆರಿತು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಬಾಳೆ ಎಲೆಯ ಮೇಲೊಮ್ಮೆ ಒರೆಸಿ, ತೋಳು, ಬೆನ್ನು, ಕಾಲರ್ ತೀಡಿ, ಮಡಚಿ, ಎರಡೂ ಕೈಯಲ್ಲಿ ನನಗೆ ಒಪ್ಪಿಸಿದ.

ನ್ಯಾತೋಲೆ ಬಾಗಿಲ ಬಳಿ ರವಿಕೆಯನ್ನು ಬಿಡಿಸಿದರು. ಬೆಳಕಿಗೆ ಹಿಡಿದರು. ಕಾಲರಿನ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಮೂಸಿ ನೋಡಿದರು. ಅವರ ಮುಖವನ್ನು ನಾನು ನೋಡಬಹುದಿತ್ತು, ನೋಡಿದೆ. ಕಣ್ಣಂಚು ಒದ್ದೆಯಾಗಿತ್ತು.

"ಇಪ್ಪತ್ತು ವರ್ಷ ನಾನೂ ಒಗೆದಿದ್ದೀನಿ," ಎಂದರು. "ಈ ಕೈ ಒಂದೇ ದಿನದಲ್ಲಿ ಬರೋದಲ್ಲ. ಇವರು ದಿನಾ ಇದೇ ಮಾಡೋದಾ? ತೊಟ್ಟಿ ಹತ್ರ? ಗೋಡೆ ಒಳಗೆ?"

"ಗೋಡೆ ಒಳಗೇ," ಎಂದೆ. "ಬಾಗಿಲಿಗೆ ಎರಡು ಚಿಲಕ. ಅವನೇ ಹಾಕಿಸಿದ್ದು."

ಅವರು ರವಿಕೆಯನ್ನು ಮತ್ತೆ ಮಡಚಿ ಲಿಸ್ನೆಟ್ ಕೈಗೆ ಕೊಟ್ಟರು. ಆಮೇಲೆ ಎದೆಯ ಮೇಲಿನ ಚಿತೆಂಗೆಯ ಗಂಟಿಗೆ ಕೈ ಹಾಕಿದರು.

"ಅಳಿಯಂದ್ರಿಗೆ ಕೈ ಒರೆಸ್ಕೊಳ್ಳೋಕೆ ಹೇಳಿ, ಮೇಷ್ಟ್ರೇ. ಒದ್ದೆ ಕೈಲಿ ಮಗು ಜಾರುತ್ತೆ."

ಹೇಳಲು ತಿರುಗಿದೆ. ವೈಸನ್ ಆಗಲೇ ಕೈ ಒರೆಸಿಕೊಂಡು, ಎರಡೂ ಕೈ ಮುಂದೆ ಚಾಚಿ, ಬರುತ್ತಿರುವವರು ಅತ್ತೆಯಾದ್ದರಿಂದ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದ. ನ್ಯಾತೋಲೆ ಮಗುವನ್ನು ಅವನ ಕೈಗಳ ಮೇಲೆ ಇಟ್ಟು, ತಲೆಯ ಕೆಳಗೆ ಅವನ ಅಂಗೈಯನ್ನು ಸರಿಪಡಿಸಿ, ಬೆನ್ನು ತಿರುಗಿಸಿ ಒಳಗೆ ನಡೆದರು.

"ಅತ್ತೆ ಹೋದ್ರಾ, ಮೇಷ್ಟ್ರೇ?"

"ಹೋದ್ರು ಕಣೋ. ಕಣ್ಣು ಬಿಡು."